ಉತ್ತರ ಬಾರದ ಅರ್ಜಿಗಳ ಬಗ್ಗೆ, ಸ್ಟುಟ್‌ಗಾರ್ಟ್‌ಗೆ ಬಂದ ಅರಸೀಕೆರೆಯ ತಮ್ಮನಿಗೆ

ತಮ್ಮ,

ನಿನ್ನ ಮೆಸೇಜು ಎರಡು ಸಲ ಓದಿದೆ. ಕೆಲಸ ಹುಡುಕಲು ಜರ್ಮನಿ ಒಂದು ವರ್ಷಕ್ಕೆ ಕೊಡುವ ಆಪರ್ಚುನಿಟಿ ಕಾರ್ಡ್ ಹಿಡಿದು ಅರಸೀಕೆರೆಯಿಂದ ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿದೆ. ನೂರಕ್ಕೂ ಜಾಸ್ತಿ ಕಡೆ ಅರ್ಜಿ ಹಾಕಿದ್ದೀಯ. ಕೆಲವು ಕಡೆಯಿಂದ ಎರಡು ಸಾಲಿನ 'ಇಲ್ಲ' ಬಂದಿದೆ, ಉಳಿದ ಕಡೆಯಿಂದ ಅದೂ ಇಲ್ಲ. "ಅಕ್ಕಾ, ನೀವು ಜನರನ್ನ ಕೆಲಸಕ್ಕೆ ತಗೊಳ್ಳೋ ಕಡೆ ಇರೋರು, ನನ್ನಲ್ಲಿ ಏನು ಕಮ್ಮಿ ಹೇಳಿ" ಎಂದು ಕೇಳಿದ್ದೀಯ. ಜೊತೆಗೆ ರೂಮು, ಊಟ, ಚಳಿ, ಜರ್ಮನ್ ಭಾಷೆ, ಹಾಸನದಲ್ಲಿ ಯಾರೋ ಆರು ಲಕ್ಷಕ್ಕೆ ಕೆಲಸ ಕೊಡಿಸುತ್ತಾರಂತೆ ಎನ್ನುವುದು, ಎಲ್ಲವೂ ಇದೆ.

ರೂಮು ಇಲ್ಲಿ ಕಷ್ಟ, ಸಿಕ್ಕಿದ್ದನ್ನು ಬಿಡಬೇಡ. ಚಳಿಗೆ ಒಳ್ಳೆಯ ಜಾಕೆಟ್ಟು, ಒಳ್ಳೆಯ ಬೂಟು. ರಾಗಿ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಮುದ್ದೆ ಕಟ್ಟೋದನ್ನ ನಿನಗೆ ನಾನೇನು ಹೇಳಿಕೊಡೋದು.

ಆರು ಲಕ್ಷದ ವಿಷಯ. ಒಂದು ರೂಪಾಯಿ ಕೊಡಬೇಡ. ನನ್ನಂಥವರಿಗೆ ಸಂಬಳ ಕೊಡುವುದು ಕಂಪನಿ, ಕೆಲಸ ಹುಡುಕುವವನಲ್ಲ. ನಮ್ಮ ದೇಶದ ನಿಯಮದಲ್ಲೂ ವಿದೇಶಕ್ಕೆ ಜನ ಕಳಿಸುವ ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತಗೊಳ್ಳುವ ಹಾಗಿಲ್ಲ. ಸರ್ಕಾರದ ಇಮೈಗ್ರೇಟ್ ಪೋರ್ಟಲ್‌ನಲ್ಲಿ ಆ ಮನುಷ್ಯನ ಹೆಸರು ಇದೆಯಾ ಎಂದು ನಿಮ್ಮಪ್ಪನಿಗೆ ನೋಡಲು ಹೇಳು. ತೆಂಗಿನ ತೋಟದ ಮೇಲೆ ಸಾಲ ಎತ್ತುವ ಮಾತು ಬಂದಿದ್ದರೆ ಇವತ್ತೇ ಫೋನ್ ಮಾಡಿ ನಿಲ್ಲಿಸು.

ಈಗ ನಿನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ. ನಿನ್ನಲ್ಲಿ ಏನು ಕಮ್ಮಿ ಎಂದು ಆ ಎರಡು ಸಾಲು ಹೇಳುವುದೇ ಇಲ್ಲ. ಹೇಳದ ಹಾಗೆಯೇ ಅದನ್ನು ಬರೆಯುತ್ತೇವೆ. 2006ರಲ್ಲಿ ಇಲ್ಲಿ ಸಮಾನವಾಗಿ ನಡೆಸಿಕೊಳ್ಳುವ ಕಾನೂನು ಬಂತು, ಎಜಿಜಿ ಎನ್ನುತ್ತಾರೆ. ಜನಾಂಗ, ಧರ್ಮ, ವಯಸ್ಸು, ಹೆಣ್ಣು ಗಂಡು, ಅಂಗವೈಕಲ್ಯ ನೋಡಿ ಯಾರಿಗೂ ಕೆಲಸ ತಪ್ಪಿಸುವ ಹಾಗಿಲ್ಲ. ತಪ್ಪಿಸಿದರು ಎನಿಸಿದರೆ ನಿರಾಕರಣೆ ಬಂದ ಎರಡು ತಿಂಗಳೊಳಗೆ ಪರಿಹಾರ ಕೇಳಬಹುದು. ಒಳ್ಳೆಯ ಕಾನೂನು. ಹೊರಗಿನಿಂದ ಬಂದ ಹೆಂಗಸಾಗಿ ಅದರ ಬೆಲೆ ನನಗೆ ಗೊತ್ತು. ಆದರೆ ಕಂಪನಿಗಳ ವಕೀಲರು ಅದರಿಂದ ಒಂದು ಪಾಠ ಕಲಿತರು. ಕಾರಣ ಬರೆದರೆ ತಾನೇ ಜಗಳ? ಬರೆಯಲೇ ಬೇಡಿ. ಅಂದಿನಿಂದ ಎಲ್ಲ ಕಡೆಯಿಂದಲೂ ಒಂದೇ ಅಚ್ಚಿನ ಕಾಗದ. ಎಷ್ಟು ಚೆನ್ನಾಗಿ ಮಾಡಿದವನಿಗೂ ಅದೇ, ತಪ್ಪು ಕಂಪನಿಯ ಹೆಸರು ಬರೆದು ಅರ್ಜಿ ಹಾಕಿದವನಿಗೂ ಅದೇ.

ಕಾರಣ ಎಷ್ಟೋ ಸಲ ನಿನಗೆ ಸಂಬಂಧಿಸಿದ್ದೇ ಆಗಿರುವುದಿಲ್ಲ. ಜಾಹೀರಾತು ಹೊರಗೆ ಬರುವ ಹೊತ್ತಿಗೆ ಒಳಗಿನವರೇ ಒಬ್ಬರು ಆ ಜಾಗ ಕೇಳಿರುತ್ತಾರೆ. ಇಪ್ಪತ್ತಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಲ್ಲಿ ನೌಕರರು ಆರಿಸಿದ ಮಂಡಳಿ ಇದ್ದರೆ, ಹೊಸಬರನ್ನು ತಗೊಳ್ಳುವ ಮೊದಲು ಅದರ ಒಪ್ಪಿಗೆ ಬೇಕು. ಅದಕ್ಕೆ ಒಂದು ವಾರ. ಆಯ್ಕೆಯಾದವರು ಹಳೆಯ ಕೆಲಸ ಬಿಡಲು ಮೂರು ತಿಂಗಳು ಬೇಕೆನ್ನುವುದು ಮಾಮೂಲು. ಈ ನಡುವೆ ಮೇಲಿನವರು 'ಈ ವರ್ಷ ಹೊಸಬರು ಬೇಡ' ಎಂದುಬಿಟ್ಟರೆ ಎಲ್ಲವೂ ಅಲ್ಲಿಗೇ ನಿಂತಿತು.

ಈಗ ನಡೆಯುತ್ತಿರುವುದೂ ಅದೇ. ನೀನು ಮೆಕ್ಯಾನಿಕಲ್, ಬಂದಿರುವುದು ಕಾರಿನ ಊರಿಗೆ. ಕಾರಿನ ಭಾಗಗಳನ್ನು ಮಾಡುವ ಝಡ್‌ಎಫ್ ಕಂಪನಿ 2024ರಲ್ಲೇ 2028ರೊಳಗೆ ಜರ್ಮನಿಯಲ್ಲಿ 14,000ದವರೆಗೆ ಕೆಲಸ ಕಡಿಮೆ ಮಾಡುವುದಾಗಿ ಹೇಳಿತು. 2025ರ ಸೆಪ್ಟೆಂಬರಿನಲ್ಲಿ, ಅದೇ ಕಸುಬಿನ ಬಾಷ್ ಇನ್ನೂ 13,000 ಎಂದಿತು. ಇಪ್ಪತ್ತು ವರ್ಷ ಕೆಲಸ ಮಾಡಿದ, ಇಲ್ಲೇ ಹುಟ್ಟಿದ ಇಂಜಿನಿಯರುಗಳ ಅರ್ಜಿಗಳು ನಿನ್ನ ಅರ್ಜಿಯ ಪಕ್ಕದಲ್ಲೇ ಬಂದು ಬೀಳುತ್ತಿವೆ. ಊರಲ್ಲಿ ಮಾತ್ರ ಜನ ಬೇರೆಯದೇ ಓದಿದ್ದಾರೆ. 2024ರ ಅಕ್ಟೋಬರಿನಲ್ಲಿ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾ ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತಾರೆ ಎಂದು ಪೇಪರಲ್ಲಿ ಬಂತಲ್ವಾ? ವೀಸಾ ಸಿಕ್ಕರೆ ಕೆಲಸ ಸಿಕ್ಕ ಹಾಗೆ ಎಂದುಕೊಂಡರು. ವೀಸಾ ಕೊಡುವುದು ಸರ್ಕಾರ. ಕೆಲಸ ಕೊಡುವವರು ಬೇರೆ.

ಹಾಗಂತ ಕೆಲಸವೇ ಇಲ್ಲ ಅಂತಲ್ಲ. ವಿದ್ಯುತ್ ಜಾಲ, ರೈಲು, ಆಸ್ಪತ್ರೆ ಉಪಕರಣ, ಯಂತ್ರಗಳ ಸರ್ವಿಸ್ ಮಾಡುವ ಕಂಪನಿಗಳಿಗೆ ಜನ ಬೇಕು. ಅವು ಬಹಳಷ್ಟು ಇರುವುದು ಹೈಲ್‌ಬ್ರಾನ್, ರಾಯ್ಟ್‌ಲಿಂಗೆನ್ ಕಡೆಯ ಸಣ್ಣ ಊರುಗಳಲ್ಲಿ. ಸ್ಟುಟ್‌ಗಾರ್ಟಲ್ಲೇ ಬೇಕು ಎಂದು ಕೂರಬೇಡ. ಅಲ್ಲಿನ ಜನ ನಮ್ಮ ಕಡೆಯವರ ಹಾಗೆಯೇ, ಮೊದಲು ಮಾತು ಕಮ್ಮಿ, ಒಮ್ಮೆ ನಂಬಿದರೆ ಬಿಡುವುದಿಲ್ಲ.

ಆದರೆ ಅಲ್ಲಿ ಜರ್ಮನ್ ಬೇಕೇ ಬೇಕು. ಆಫೀಸಿನ ಮೇಲ್ ಇಂಗ್ಲಿಷಲ್ಲಿ ಬರಬಹುದು. ಯಂತ್ರದ ಹತ್ತಿರ ನಿಂತವನು ಮಾತಾಡುವುದು ಶ್ವೇಬಿಷ್, ಈ ಕಡೆಯ ಆಡುಮಾತಿನ ಜರ್ಮನ್. ನಿನ್ನ ಸಿವಿಯಲ್ಲಿ ಬಿ2, ಅಂದರೆ ಭಾಷೆ ಚೆನ್ನಾಗಿ ಬರುತ್ತದೆ, ಎಂದು ಬರೆದಿದ್ದರೆ, ಇಂಟರ್‌ವ್ಯೂನ ಮೊದಲ ಐದು ನಿಮಿಷ ಜರ್ಮನಿನಲ್ಲೇ ನಡೆಸುತ್ತೇನೆ. ಅಲ್ಲಿ ತಡವರಿಸಿದರೆ ಮುಂದೆ ನೀನು ಹೇಳುವ ನಿಜದ ಮೇಲೂ ಅನುಮಾನ ಬರುತ್ತದೆ. ಇನ್ನೂ ಕೆಳಗಿನ ಹಂತದ ಎ2 ಇದ್ದರೆ ಎ2 ಅಂತಲೇ ಬರೆ, ಬಿ1 ಕ್ಲಾಸಿಗೆ ಸೇರಿದ್ದೇನೆ ಎಂದು ಸೇರಿಸು. ಅದಕ್ಕೆ ಮರ್ಯಾದೆ ಇದೆ.

ಸಿವಿ ಎರಡು ಪುಟ ಸಾಕು. ನಮ್ಮ ಕಡೆಯ ಹುಡುಗರು 'ತಂಡ ಮಾಡಿತು, ಪ್ರಾಜೆಕ್ಟ್ ಮುಗಿಯಿತು' ಎಂದು ಬರೆಯುತ್ತಾರೆ. ನಾನು ಮಾಡಿದೆ ಎಂದರೆ ಜಂಬ ಎನ್ನುವ ಮನೆಗಳಲ್ಲಿ ಬೆಳೆದವರು ನಾವು. ಇಲ್ಲಿ ನಿನ್ನ ಕೈಯಲ್ಲಿ ಆದದ್ದು ಏನು ಎಂದೇ ಕೇಳುತ್ತಾರೆ. ಪೀಣ್ಯದ ಫ್ಯಾಕ್ಟರಿಯಲ್ಲಿ ಎರಡು ವರ್ಷ ಇದ್ದೆ ಎಂದಿದ್ದೀಯ. ಯಾವ ಯಂತ್ರ, ಯಾವ ಭಾಗ, ಎಷ್ಟು ಮಾಲು ವಾಪಸ್ ಬರುತ್ತಿತ್ತು, ನೀನು ಏನು ಬದಲಾಯಿಸಿದೆ, ಅದನ್ನು ಬರೆ. ಸಂಬಳ ಎಷ್ಟು ಬೇಕು ಎಂದಾಗ 'ನೀವು ಕೊಟ್ಟಷ್ಟು' ಎನ್ನಬೇಡ. ಬ್ಲೂ ಕಾರ್ಡ್, ಅಂದರೆ ಡಿಗ್ರಿ ಓದಿ ಕೆಲಸ ಸಿಕ್ಕವರಿಗೆ ಇಲ್ಲಿರಲು ಕೊಡುವ ಪರವಾನಗಿ, ಬೇಕಾದರೆ 2025ರ ಲೆಕ್ಕದಲ್ಲಿ ಸಂಬಳ ವರ್ಷಕ್ಕೆ 48,300 ಯೂರೊ ಇರಬೇಕಿತ್ತು. ಇಂಜಿನಿಯರಿಂಗಿನಂತೆ ಜನ ಸಾಲದ ಕೆಲಸಗಳಿಗೆ 43,759.80 ಯೂರೊ. ಪ್ರತಿ ವರ್ಷ ಈ ಮೊತ್ತ ಬದಲಾಗುತ್ತದೆ, ನೋಡಿಕೊಂಡು ಹೋಗು. ಈಗ ನಿನ್ನ ಹತ್ತಿರ ಇರುವ ಆಪರ್ಚುನಿಟಿ ಕಾರ್ಡ್ ಮೇಲೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಒಂದು ಕಂಪನಿಯಲ್ಲಿ ಎರಡು ವಾರದವರೆಗೆ ಪರೀಕ್ಷೆಗೆಂದೇ ಕೆಲಸ ಮಾಡಿ ತೋರಿಸಲೂ ಬಹುದು. ಈ ಎರಡನೆಯದನ್ನು ಯಾರೂ ಕೇಳುವುದೇ ಇಲ್ಲ. ನೀನು ಕೇಳು.

ಇನ್ನೊಂದು ವಿಷಯ ಹೇಳಬೇಕು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿನ್ನ ಹಾಗೇ ಒಬ್ಬ ಹುಡುಗ ಬಂದಿದ್ದ, ಹೊಳೆನರಸೀಪುರದ ಕಡೆಯವನು. ನಾನಿರುವ ಕಂಪನಿಗೇ ಅರ್ಜಿ ಹಾಕಿದ. ಎರಡು ಸುತ್ತು ಇಂಟರ್‌ವ್ಯೂ ಆಯಿತು. ಅವನ ಕೆಲಸ ಎಲ್ಲರಿಗೂ ಹಿಡಿಸಿತು. ಆಫರ್ ಬರೆಯುವ ವಾರದಲ್ಲೇ ಮೇಲಿನಿಂದ ಆ ಹುದ್ದೆಯನ್ನೇ ತಡೆಹಿಡಿದರು. ಅವನಿಗೆ ಹೋದದ್ದು ಅದೇ ಎರಡು ಸಾಲು. ಆ ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದಾಗ, ಒಬ್ಬಟ್ಟಿನ ತಟ್ಟೆ ಹಿಡಿದು ನನ್ನ ಹತ್ತಿರ ಬಂದ. "ಅಕ್ಕಾ, ನನ್ನಲ್ಲಿ ಏನು ಕಮ್ಮಿ ಆಯ್ತು, ಅಷ್ಟು ಹೇಳಿ ಸಾಕು" ಎಂದ. ಕಂಪನಿಯ ಒಳಗಿನ ವಿಷಯ, ಹೇಳುವ ಹಾಗಿರಲಿಲ್ಲ. ಹೇಳಲು ಬರುವುದಿಲ್ಲಪ್ಪ ಎಂದೆ. ಅವನು ತನ್ನಲ್ಲೇ ಏನೋ ಕೊರತೆ ಇದೆ ಎಂದುಕೊಂಡು ಹೋದ. ಏನೂ ಇರಲಿಲ್ಲ.

ಆಮೇಲೆ ಬೇರೆಯವರಿಂದ ಗೊತ್ತಾಯಿತು. ಎರಡನೇ ಇಂಟರ್‌ವ್ಯೂ ಆದ ದಿನವೇ ಅವನು ಮನೆಗೆ ಕೆಲಸ ಸಿಕ್ಕಿತು ಎಂದುಬಿಟ್ಟಿದ್ದ. ಅದನ್ನು ನಂಬಿ ಅಪ್ಪ ತಂಗಿಯ ಮದುವೆಗೆ ಸಾಲ ಮಾಡಿದ್ದರು. ಇವನು ಗೋಡೌನಿನಲ್ಲಿ ವಾರಕ್ಕೆ 20 ಗಂಟೆ ಡಬ್ಬ ಎತ್ತುತ್ತಾ, ಇಂಜಿನಿಯರ್ ಆಗಿದ್ದೇನೆ ಎಂದು ಫೋನಿನಲ್ಲಿ ಹೇಳುತ್ತಿದ್ದ. ಕಾರ್ಡಿನ ವರ್ಷ ಮುಗಿಯಿತು, ವಾಪಸ್ ಹೋದ. ಈಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನಂತೆ. ನನ್ನ ಜೊತೆ ಮಾತಿಲ್ಲ. ನಾನು ನಡೆದುಕೊಂಡದ್ದು ಸರಿ, ನಾಳೆಯೂ ಹಾಗೇ ನಡೆಯುತ್ತೇನೆ. ಆದರೂ ಅವನ ಮುಖ ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದ್ದರಿಂದ ಕೇಳುತ್ತೇನೆ, ನೀನು ಮನೆಗೆ ಏನು ಹೇಳಿದ್ದೀಯ? ಮೆಸೇಜಿನಲ್ಲಿ ಅದೊಂದನ್ನು ಬರೆದಿಲ್ಲ.

ನಮ್ಮಪ್ಪ ಸಕಲೇಶಪುರದ ಹತ್ತಿರ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳು ಹಿಡಿಯುವುದು, ಲೆಕ್ಕ ಬರೆಯುವುದು, ವಾರದ ಬಟವಾಡೆ ಎಲ್ಲ ಅವರದೇ. 2013ರ ಫೆಬ್ರವರಿಯಲ್ಲಿ ನಾನು ಇಲ್ಲಿಗೆ ಬಂದಾಗ ಕೆಲಸವೇನೋ ಕೈಯಲ್ಲಿತ್ತು, ಆದರೆ ಆರು ತಿಂಗಳು ಪ್ರೊಬೇಷನ್. ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಮನೆಗೆ ಕಳಿಸಬಹುದು. ಹೊರಗೆ ಹಿಮ, ಆಫೀಸಿನಲ್ಲಿ ಮೀಟಿಂಗ್ ಅರ್ಧ ಅರ್ಥವಾಗುತ್ತಿರಲಿಲ್ಲ. ಅಪ್ಪನಿಗೆ ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ. "ಸರಿಯಾಗೇ ಇದೆಯಲ್ಲವ್ವ" ಎಂದರು. "ನಾವೂ ಹೊಸ ಆಳನ್ನ ಒಂದು ಹಣ್ಣು ಕುಯ್ಲು ನೋಡಿ ಆಮೇಲೆ ತಾನೇ ಲೈನ್ ಮನೆ ಕೊಡೋದು? ಆಗ್ಲಿಲ್ಲ ಅಂದ್ರೆ ಬಂದ್ಬಿಡು." ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮಾರನೇ ದಿನ ಬಾಸ್ ಒಂದು ಕೆಲಸ ಕೊಟ್ಟು ಶುಕ್ರವಾರದೊಳಗೆ ಆಗುತ್ತಾ ಎಂದಾಗ, ಮೊದಲ ಸಲ 'ಆಗಲ್ಲ, ಸೋಮವಾರ ಕೊಡುತ್ತೇನೆ' ಎಂದೆ. ಅವರು ಸರಿ ಎಂದು ಬರೆದುಕೊಂಡರು, ಅಷ್ಟೇ. ಕೆಲಸ ಸಿಕ್ಕ ಮೇಲೆ ನೀನೂ ಇದನ್ನು ನೆನಪಿಟ್ಟುಕೋ. ಊರಲ್ಲಿ ದೊಡ್ಡವರಿಗೆ ಆಗಲ್ಲ ಎನ್ನುವುದು ಅಗೌರವ. ಇಲ್ಲಿ ಆಗುತ್ತೆ ಎಂದು ಹೇಳಿ ಮಾಡದಿದ್ದರೆ ಅಗೌರವ.

ಅದಕ್ಕೇ ಹೇಳುತ್ತೇನೆ, ಮನೆಗೆ ಇದ್ದದ್ದನ್ನು ಹೇಳು. ಕಾರ್ಡಿನಲ್ಲಿ ಎಂಟು ತಿಂಗಳಿದೆ, ಇಲ್ಲಿನ ಖರ್ಚಿಗೆಂದು ಮೊದಲೇ ಕಟ್ಟಿಟ್ಟ ಬ್ಲಾಕ್ಡ್ ಅಕೌಂಟಿನಲ್ಲಿ ಇಷ್ಟಿದೆ, ಕಾರಿನ ಕಂಪನಿಗಳಲ್ಲಿ ಈಗ ಕಷ್ಟ, ಭಾಷೆ ಕಲಿಯುತ್ತಿದ್ದೇನೆ, ಹೀಗೆ. ನಿಮ್ಮಪ್ಪ ಕೊಬ್ಬರಿ ರೇಟು ಬಿದ್ದದ್ದನ್ನೂ ನೋಡಿದವರು, ಎದ್ದದ್ದನ್ನೂ ನೋಡಿದವರು. ನೀನು ಅಂದುಕೊಂಡಿರುವುದಕ್ಕಿಂತ ಜಾಸ್ತಿ ತಡೆದುಕೊಳ್ಳುತ್ತಾರೆ.

ಭಾನುವಾರದೊಳಗೆ ಸಿವಿ ಕಳಿಸು, ಕೆಂಪು ಪೆನ್ನು ಹಿಡಿದು ಓದುತ್ತೇನೆ. ಏನು ಕಮ್ಮಿ ಎಂದು ಕೇಳಿದೆಯಲ್ಲ, ಅದನ್ನು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಒಂದೇ ಒಂದು ಮಾತು. ನಾನಿರುವ ಕಂಪನಿಗೆ ಅರ್ಜಿ ಹಾಕುವ ಮನಸ್ಸಿದ್ದರೆ ಸಿವಿ ಕಳಿಸುವ ಮೊದಲೇ ತಿಳಿಸು. ಹಾಕಿದ ದಿನದಿಂದ ನಿನ್ನ ಫೈಲನ್ನು ಬೇರೆಯವರಿಗೆ ಕೊಡುತ್ತೇನೆ, ಕೆಲಸದ ವಿಷಯ ಒಂದು ಮಾತೂ ಆಡುವುದಿಲ್ಲ. ಊಟಕ್ಕೆ ಮಾತ್ರ ಯಾವಾಗ ಬೇಕಾದರೂ ಬಾ.