ಕಾರವಾರದಲ್ಲಿ ಸೈಟ್ ಕೊಳ್ಳುವ ಮುಂಚೆ ಮಾಸ್ಟರ್ ಪ್ಲ್ಯಾನ್ ನೋಡಲೇಬೇಕಾ?

ನೋಡಲೇಬೇಕು. ಊರು ಯಾವ ಕಡೆ ಬೆಳೆಯಬೇಕು, ಯಾವ ಜಾಗ ಯಾವುದಕ್ಕೆ ಅಂತ ಗೊತ್ತು ಮಾಡುವ ನಕ್ಷೆ ಅದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಮಾಡುತ್ತಾರೆ. ನಿಮ್ಮ ಸರ್ವೆ ನಂಬರ್ ಹಳದಿ ಬಣ್ಣದಲ್ಲಿದ್ದರೆ ವಾಸದ ವಲಯ. ಹಸಿರಲ್ಲಿದ್ದರೆ ಹುಷಾರು, ಅದು ಕೃಷಿ ಅಥವಾ ಪಾರ್ಕ್ ಜಾಗ ಇರಬಹುದು. ಗದ್ದೆ ಮಧ್ಯೆ ನಾಲ್ಕು ಕಲ್ಲು ನೆಟ್ಟು 'ಎಲ್ಲ ಆಗ್ತದೆ' ಅನ್ನುವ ಬ್ರೋಕರ್ ಮಾತು ಸುಮ್ನೆ ನಂಬಬೇಡಿ. ಭೂಬಳಕೆ ಬದಲಿಸಲು ಕಲಂ 14-ಎ ಇದೆ, ಆದರೆ ಪತ್ರಿಕೆ ಪ್ರಕಟಣೆ, ಆಕ್ಷೇಪಣೆ ಅಂತ ಓಡಾಟ ಜಾಸ್ತಿ. ಮುಂದೆ ಬರುವ ರಸ್ತೆಯ ಗೆರೆ ನಿಮ್ಮ ಸೈಟ್ ಮೇಲೇ ಹಾದಿದೆಯಾ, ಅದನ್ನೂ ನೋಡಿ.

ಕರಾವಳಿಯಲ್ಲಿ ಇನ್ನೊಂದು ಗಂಟು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ. ಭರತದ ಗೆರೆಯಿಂದ (ಉಬ್ಬರದಲ್ಲಿ ಸಮುದ್ರದ ನೀರು ಏರಿ ಬರುವ ಗೆರೆ) 500 ಮೀಟರ್ ಒಳಗೆ ಅದರ ನಿಯಮವೂ ಬರುತ್ತದೆ, ಜಾಗ ಹಳದಿಯಲ್ಲಿದ್ದರೂ. ಕಾಳಿ ಹೊಳೆ ದಂಡೆಯೂ ಇದರಿಂದ ಹೊರಗಿಲ್ಲ.