ನಾಲಿಗೆ ನೋಡುವವರು

"ಮೋಟಿವೇಶನ್ ಬರ್ತಿಲ್ಲ ಮೇಡಂ." ಆಪ್ತಸಲಹೆಗಾರ್ತಿಯಾದ ನಾನು ಈ ಮಾತನ್ನು ವಾರಕ್ಕೆ ಮೂರು ನಾಲ್ಕು ಸಲವಾದರೂ ಕೇಳುತ್ತೇನೆ. ಓದುವುದಕ್ಕೆ ಬರ್ತಿಲ್ಲ, ಜಿಮ್ಮಿಗೆ ಹೋಗುವುದಕ್ಕೆ ಬರ್ತಿಲ್ಲ. ಶ್ರಾವಣ, ನವರಾತ್ರಿ, ರಂಜಾನ್ ಹತ್ತಿರ ಬಂದರೆ ಉಪವಾಸದ ಸರದಿ. "ಮುಂಚೆ ಆರಾಮಾಗಿ ಮಾಡ್ತಿದ್ದೆ, ಈಗ ಆಗ್ತಿಲ್ಲ. ಮನಸ್ಸು ಗಟ್ಟಿ ಮಾಡ್ಕೊಳ್ಳೋದು ಹೇಗೆ?" ಮನಸ್ಸು ಸಡಿಲ ಆಗಿದೆ ಅಂತ ಅವರೇ ತೀರ್ಪು ಕೊಟ್ಟುಕೊಂಡು ಬಂದಿರುತ್ತಾರೆ. ನಾನೂ ಎಷ್ಟೋ ಸಲ ಆ ತೀರ್ಪನ್ನು ಒಪ್ಪಿಕೊಂಡೇ ಕೆಲಸ ಶುರು ಮಾಡಿದ್ದೇನೆ. ಈ ಪ್ರಕರಣದಲ್ಲೂ ಅದೇ ಮಾಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರನ್ನು ಬೆನ್ ಅಂತ ಕರೆಯೋಣ. ಅದು ಅವರ ಹೆಸರಲ್ಲ. ವಯಸ್ಸು, ಕೆಲಸ, ಮನೆಯವರ ವಿವರ ಎಲ್ಲ ಸ್ವಲ್ಪ ಬದಲಿಸಿದ್ದೇನೆ, ಅವರ ಒಪ್ಪಿಗೆ ಪಡೆದಿದ್ದೇನೆ. ಮೂವತ್ತು ದಾಟಿದ ಒಂಟಿ ಗಂಡಸು, ಮುಂಬಯಿ ಪಕ್ಕದ ಠಾಣೆ ಊರಿನ ಕಡೆಯವರು, ಲೆಕ್ಕಪತ್ರದ ಕೆಲಸ. ಬೆನೆ ಇಸ್ರಾಯೇಲ್ ಸಮುದಾಯದವರು. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತಾ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದ ಯೆಹೂದಿಗಳು ಇವರು. ಊರಿನವರು 'ಶನಿವಾರ್ ತೇಲಿ' ಅನ್ನುತ್ತಿದ್ದರಂತೆ. ಮನೆಮಾತು ಮರಾಠಿ. 1948ರ ನಂತರ ಹೆಚ್ಚಿನವರು ಇಸ್ರೇಲಿಗೆ ಹೋಗಿಬಿಟ್ಟರು. ಈಗ ಇಡೀ ಭಾರತದಲ್ಲಿ ಎಲ್ಲ ಪಂಗಡದ ಯೆಹೂದಿಗಳೂ ಸೇರಿ 5,000ದ ಆಸುಪಾಸು ಇದ್ದಾರೆ.

ನಾನು ಮೈಸೂರಿನವಳು ಅಂತ ಗೊತ್ತಾದ ಕೂಡಲೇ ಬೆನ್ ನಕ್ಕರು. "ಹಾಗಾದ್ರೆ ನಮ್ಮ ಜುನೀ ಮಶೀದಿಗೆ ನೀವೇ ಕಾರಣ." ಜುನೀ ಮಶೀದಿ ಅಂದರೆ ಮುಂಬಯಿಯ ಅತಿ ಹಳೆಯ ಸಿನಗಾಗ್, ಯೆಹೂದಿಗಳ ಪ್ರಾರ್ಥನಾ ಮಂದಿರ, 1796ರದ್ದು. ಅದನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದವರು, ಟಿಪ್ಪುವಿನ ಸೆರೆಗೆ ಸಿಕ್ಕಿ ಬದುಕಿ ಬಂದ ಹರಕೆಗೆ ಕಟ್ಟಿಸಿದರು ಅಂತ ಆ ಸಮುದಾಯದ ಕಥೆ. ಹರಕೆ, ಉಪವಾಸ, ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳುವುದು. ಈ ಭಾಷೆ ನನಗೆ ಹೊಸದಲ್ಲ, ಇವರಿಗೆ ಸಲಹೆ ಕೊಡುವುದು ಸುಲಭ ಅಂದುಕೊಂಡೆ.

ಸುಲಭ ಇರಲಿಲ್ಲ. ಯೆಹೂದಿಗಳಿಗೆ ವರ್ಷಕ್ಕೆ ಆರು ಮುಖ್ಯ ಉಪವಾಸ. ನಾಲ್ಕು ಚಿಕ್ಕವು, ನಸುಕಿನಿಂದ ಕತ್ತಲಾಗುವವರೆಗೆ. ಎರಡು ದೊಡ್ಡವು, ಒಂದು ಸಂಜೆಯಿಂದ ಮರುದಿನ ನಕ್ಷತ್ರ ಕಾಣುವವರೆಗೆ, ಸುಮಾರು 25 ಗಂಟೆ. ದೊಡ್ಡವುಗಳಲ್ಲಿ ಒಂದು ತಿಶಾ ಬಾವ್, ಜೆರುಸಲೇಮಿನ ದೇವಾಲಯ ಎರಡು ಸಲ ನಾಶವಾದದ್ದರ ಶೋಕ. ಇನ್ನೊಂದು ಯೋಮ್ ಕಿಪ್ಪೂರ್, ಪ್ರಾಯಶ್ಚಿತ್ತದ ದಿನ. ಬೆನ್ 2025ರ ಆಗಸ್ಟ್ 3ರಂದು ತಿಶಾ ಬಾವ್ ಹಿಡಿದವರು ಬೆಳಗ್ಗೆ ಹನ್ನೊಂದಕ್ಕೆ ತಲೆನೋವು ತಡೆಯಲಾಗದೆ ಟಪರಿಗೆ ಹೋಗಿ ಚಹಾ ಕುಡಿದುಬಿಟ್ಟಿದ್ದರು. ಹಿಂದಿನ ವರ್ಷವೂ ಹಾಗೇ. ಯೋಮ್ ಕಿಪ್ಪೂರ್ ಅಕ್ಟೋಬರ್ 2ಕ್ಕೆ ಇತ್ತು. ಅದೂ ಮುರಿದುಹೋದರೆ ಅನ್ನುವ ಹೆದರಿಕೆ ಅವರನ್ನು ನನ್ನ ಹತ್ತಿರ ಕರೆತಂದಿತ್ತು.

"ಸ್ವಲ್ಪ ಹಾಲು, ಹಣ್ಣು ತಗೊಂಡ್ರೆ ಆಗಲ್ವಾ?" ಅಂದೆ ನಾನು. ನಮ್ಮಮ್ಮನ ಏಕಾದಶಿಯಲ್ಲಿ ಅನ್ನ ಒಂದು ಬಿಟ್ಟು ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು ಎಲ್ಲ ಇರುತ್ತಿತ್ತು. ಬೆನ್ ಬೇಜಾರು ಮಾಡಿಕೊಳ್ಳಲಿಲ್ಲ. "ನೀರೂ ಇಲ್ಲ ಮೇಡಂ. ಸಾಬುದಾನಿ ಖಿಚಡಿ ಉಪವಾಸ ಅಲ್ಲ ನಮ್ದು."

ಮೊದಲ ಭೇಟಿಯ ಉಳಿದ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಸಕ್ಕರೆ ಕಾಯಿಲೆ ಇಲ್ಲ, ದಿನಾ ನುಂಗುವ ಮಾತ್ರೆ ಇಲ್ಲ. ಆದರೂ ನಿಮ್ಮ ಡಾಕ್ಟರಿಗೆ ಒಮ್ಮೆ ತೋರಿಸಿಕೊಳ್ಳಿ ಅಂದೆ. ತೂಕ, ಊಟದ ಬಗ್ಗೆ ತಪ್ಪಿತಸ್ಥ ಭಾವನೆ, ತಿಂದು ಕಕ್ಕುವ ಅಭ್ಯಾಸ, ಇವನ್ನೂ ಕೇಳಿದೆ. ಉಪವಾಸದ ವಿಷಯ ಎತ್ತಿಕೊಂಡು ಯಾರೇ ಬರಲಿ, ಇದನ್ನು ಕೇಳದೆ ಮುಂದೆ ಹೋಗುವುದಿಲ್ಲ. ದೇವರ ಹೆಸರಿನಲ್ಲಿ ಊಟ ಬಿಟ್ಟು ಒಳಗೊಳಗೇ ಸೊರಗುವ ಹುಡುಗಿಯರನ್ನು ಎಲ್ಲ ಧರ್ಮದಲ್ಲೂ ನೋಡಿದ್ದೇನೆ. ಅಂಥವರಿಗೆ ನನ್ನ ಸಲಹೆ ಬೇರೆಯೇ.

ಬೆನ್‌ರ ಹನ್ನೊಂದು ಗಂಟೆಯ ತಲೆನೋವಿಗೆ ಕಾರಣ ಧರ್ಮದಲ್ಲಿ ಇರಲಿಲ್ಲ, ಚಹಾದಲ್ಲಿತ್ತು. ದಿನಕ್ಕೆ ಏಳು ಕಟಿಂಗ್. ಅಷ್ಟು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆ ಸಿಡಿಯುತ್ತದೆ. ಹಿಂದಿನ ಸಂಜೆ ಆರೂವರೆಗೆ ಕೊನೆಯ ಲೋಟ, ಬೆಳಗ್ಗೆ ಹನ್ನೊಂದಕ್ಕೆ ಹದಿನಾರು ಗಂಟೆ ದಾಟಿತು. ಲೆಕ್ಕ ಸರಿಯಾಗಿ ಕೂತಿತು. ಹತ್ತು ದಿನ ಮುಂಚಿನಿಂದ ಒಂದೊಂದೇ ಲೋಟ ಕಡಿಮೆ ಮಾಡಿ, ಕೊನೆಗೆ ಅರ್ಧಕ್ಕೆ ನಿಲ್ಲಿಸಿ ಅಂದೆ. ಹಿಂದಿನ ದಿನ ಪೂರ್ತಿ ಸ್ವಲ್ಪ ಸ್ವಲ್ಪವೇ ನೀರು ಕುಡಿಯಿರಿ, ಕೊನೇ ಗಳಿಗೆಯಲ್ಲಿ ಒಂದು ಬಾಟಲಿ ಗಟಗಟ ಸುರಿದುಕೊಂಡರೆ ಪ್ರಯೋಜನ ಇಲ್ಲ. ಉಪವಾಸಕ್ಕೆ ಮುಂಚಿನ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಖಾರದ ಮಟನ್ ಬೇಡ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಒಳ್ಳೆಯ ಹಾಳೆಯೇ. ಈಗಲೂ ಅದನ್ನೇ ಕೊಡುತ್ತೇನೆ.

ಎರಡನೇ ಭೇಟಿಗೆ ಅವರು ಬಂದಾಗ ಮಳೆ ಜೋರಾಗಿತ್ತು. ನಮ್ಮ ಆಫೀಸಿನ ಹುಡುಗ ಅಭ್ಯಾಸದಂತೆ ಎರಡು ಲೋಟ ಚಹಾ ಇಟ್ಟು ಹೋದ. ಬೆನ್ ಮುಟ್ಟಲಿಲ್ಲ. ಅದರ ಮೇಲೆ ಕೆನೆ ಕಟ್ಟುವುದನ್ನೇ ನೋಡುತ್ತಾ ಕೂತರು. ಚಹಾ ನಾಲ್ಕಕ್ಕೆ ಇಳಿದಿದೆ, ತಲೆನೋವು ಇಲ್ಲ ಅಂದರು. ನನಗೆ ಖುಷಿ ಆಯಿತು. ಆಮೇಲೆ ಅವರು ಅಂದರು, "ಮೇಡಂ, ತಲೆನೋವು ಹೋಗುತ್ತೆ. ಆದ್ರೂ ನಾನು ಮುರಿತೀನಿ ಅನ್ಸುತ್ತೆ."

"ಯಾಕೆ?"

"ಗೊತ್ತಿಲ್ಲ. ಎರಡು ಸಾವಿರ ವರ್ಷದ ಹಿಂದೆ ಸುಟ್ಟುಹೋದ ಕಟ್ಟಡಕ್ಕೆ ನನಗೆ ಅಳು ಬರಲ್ಲ. ಬರಬೇಕು ಅಂತ ಕೂತರೆ ಇನ್ನೂ ಬರಲ್ಲ."

ಹಾಗಾದರೆ ಬಿಟ್ಟುಬಿಡಬಹುದಲ್ಲ ಅಂತ ಕೇಳಿದೆ. ಚುಚ್ಚಲು ಕೇಳಿದ್ದಲ್ಲ, ನಿಜವಾಗಿ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಬಿಡಬಹುದು. ಆದ್ರೆ ಆವತ್ತು ಏನು ಮಾಡ್ಲಿ? ಆಫೀಸಿಗೆ ಹೋಗ್ಲಾ?"

ಚಿಕ್ಕವರಿದ್ದಾಗ ಹೇಗಿತ್ತು ಹೇಳಿ ಅಂದೆ. ಇದನ್ನು ಮೊದಲ ದಿನವೇ ಕೇಳಬೇಕಿತ್ತು. ಹಾಳೆ ಬರೆಯುವ ಆತುರದಲ್ಲಿ ಕೇಳಿರಲಿಲ್ಲ.

ಅಜ್ಜಿ ತಿಶಾ ಬಾವ್ ಅನ್ನುತ್ತಲೇ ಇರಲಿಲ್ಲವಂತೆ. ಅವರ ಬಾಯಲ್ಲಿ ಅದು 'ಬಿರ್ಡ್ಯಾಚಾ ರೋಜಾ'. ಬಿರ್ಡೆ ಅಂದರೆ ಮೊಳಕೆ ಬರಿಸಿ ಸಿಪ್ಪೆ ಹಿತುಕಿದ ಅವರೆಯ ಅಡುಗೆ. ನಮ್ಮ ಹಿತಕಿದ ಬೇಳೆಯ ಅಣ್ಣತಮ್ಮ! ಉಪವಾಸಕ್ಕೆ ಅಡುಗೆಯ ಹೆಸರು. ಹಿಂದಿನ ದಿನ ಮನೆಯ ಹೆಂಗಸರು, ಮಕ್ಕಳು ಎಲ್ಲ ಸೇರಿ ಅವರೆ ಹಿತುಕುತ್ತಾ ಕೂರುತ್ತಿದ್ದರು. ಯೋಮ್ ಕಿಪ್ಪೂರಿಗೂ ಹಳಬರು ಇಟ್ಟ ಹೆಸರು ಬಾಗಿಲು ಮುಚ್ಚುವ ಹಬ್ಬ ಅಂತ. ಬಾಗಿಲು ಮುಚ್ಚಿದ ಆ ಮನೆಯೊಳಗೆ ಹನ್ನೊಂದು ಜನ ಇರುತ್ತಿದ್ದರು. ಹದಿಮೂರು ತುಂಬದ ಹುಡುಗರಿಗೆ ಉಪವಾಸದ ಕಟ್ಟು ಇಲ್ಲ. ಆದರೂ ಹತ್ತು ಗಂಟೆವರೆಗೆ, ಹನ್ನೆರಡರವರೆಗೆ ಅಂತ ಪೈಪೋಟಿ.

"ಸಂಜೆ ಅತ್ತೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸೋರು. ನಾಲಿಗೆ ತೋರಿಸಿ ಅನ್ನೋರು. ಬೆಳ್ಳಗಿದ್ರೆ ನಿಜವಾದ ಉಪವಾಸ. ಕೆಂಪಗಿದ್ರೆ ಕದ್ದು ತಿಂದಿದೀಯಾ ಅಂತ." ಬೆನ್ ನಗುತ್ತಾ ಹೇಳುತ್ತಿದ್ದರು. ನಗು ಅಲ್ಲೇ ನಿಂತಿತು. "ಅತ್ತೆ ಈಗ ಇಸ್ರೇಲಿನ ಅಶ್ದೋದಿನಲ್ಲಿದ್ದಾರೆ. ಅಣ್ಣ ದಿಮೋನಾದಲ್ಲಿ. ಅಪ್ಪ ಅಮ್ಮ ಹೋದ್ರು. ಈಗ ನನ್ನ ನಾಲಿಗೆ ನೋಡೋರು ಯಾರೂ ಇಲ್ಲ ಮೇಡಂ."

ಚಹಾ ಪೂರ್ತಿ ಆರಿಹೋಗಿತ್ತು. ನಾನು ಕೊಟ್ಟ ಹಾಳೆಯಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ.

ನನ್ನ ಮೊದಲ ಉಪಾಯ ದಡ್ಡತನದ್ದು. "ಯೋಮ್ ಕಿಪ್ಪೂರ್ ದಿನ ಮಧ್ಯಾಹ್ನ ಅತ್ತೆಗೆ ವಿಡಿಯೋ ಕಾಲ್ ಮಾಡಿ." ಆ ದಿನ ಫೋನ್ ಮುಟ್ಟುವಂತಿಲ್ಲ ಅಂತ ಅವರೇ ತಿಳಿಸಿಕೊಟ್ಟರು. ಅತ್ತೆಯ ಉಪವಾಸ ಬಿಡುವುದೂ ನಮ್ಮ ಗಡಿಯಾರದಲ್ಲಿ ಎರಡೂವರೆ ಗಂಟೆ ತಡವಾಗಿ. ನನಗೆ ಗೊತ್ತಿಲ್ಲದ ಧರ್ಮದಲ್ಲಿ ನಾನು ಜಾಣತನ ತೋರಿಸಬಾರದು. ಅದಕ್ಕೇ ನೇರವಾಗಿ ಹೇಳಿದೆ: ಇದು ಮನಸ್ಸು ಗಟ್ಟಿ ಮಾಡಿಕೊಳ್ಳುವ ವಿಷಯ ಅಲ್ಲ. ನೀವು ಒಂಟಿಯಾಗಿ ಮಾಡುತ್ತಿರುವ ಉಪವಾಸ ಶುರುವಿನಿಂದಲೂ ಒಂಟಿಯಾಗಿ ಮಾಡುವಂಥದ್ದೇ ಆಗಿರಲಿಲ್ಲ. ನಿಮ್ಮ ಸಿನಗಾಗಿನ ಹಿರಿಯರ ಹತ್ತಿರ ಹೋಗಿ, ಚಹಾ ಕುಡಿದದ್ದನ್ನೂ ಮುಚ್ಚಿಡದೆ ಹೇಳಿ. ಅಕ್ಟೋಬರ್ 2ನ್ನು ಮನೆಯಲ್ಲಿ ಕಳೆಯಬೇಡಿ. ಅಳು ಬರಲಿ ಅಂತ ಕಾಯಬೇಡಿ.

ಕೊನೆಯ ಮಾತಿಗೆ ನನ್ನ ಹತ್ತಿರ ಅವರ ಕಡೆಯದೇ ಆಧಾರ ಸಿಕ್ಕಿತ್ತು. 12ನೇ ಶತಮಾನದ ಯೆಹೂದಿ ವಿದ್ವಾಂಸ ಮೈಮೊನಿಡೀಸ್, ಈ ಉಪವಾಸಗಳು ಇರುವುದೇ ಹೃದಯವನ್ನು ಎಬ್ಬಿಸುವುದಕ್ಕೆ ಅನ್ನುತ್ತಾರೆ. ಎದ್ದ ಹೃದಯ ಇದ್ದವರು ಮಾತ್ರ ಬನ್ನಿ ಅಂತ ಅವರು ಬರೆದಿಲ್ಲ. ನನ್ನ ಕೆಲಸದಲ್ಲೂ ಇದೇ ಕಂಡಿದ್ದೇನೆ. ಖಿನ್ನತೆ ಇರುವವರಿಗೆ ಮನಸ್ಸು ಬಂದ ಮೇಲೆ ವಾಕಿಂಗ್ ಹೋಗಿ ಅಂದರೆ ಅವರು ಯಾವತ್ತೂ ಹೋಗುವುದಿಲ್ಲ. ಮೊದಲು ಚಪ್ಪಲಿ ಹಾಕಿಕೊಳ್ಳಬೇಕು. ಮನಸ್ಸು ಹಿಂದೆ ಬರುತ್ತದೆ, ಬರದಿದ್ದರೂ ವಾಕಿಂಗ್ ಆಗಿರುತ್ತದೆ.

ಇದನ್ನು ನಮ್ಮ ವಲಯದ ಒಂದು ಸಭೆಯಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರಿಗೆ ಹಿಡಿಸಲಿಲ್ಲ. "ನೀವು ಅವನ ಗಿಲ್ಟ್ ಬಿಡಿಸಬೇಕಿತ್ತು, ಉಪವಾಸ ಕಲಿಸೋದಲ್ಲ" ಅಂದರು. ಬಿಡಬಹುದಲ್ಲ ಅಂತ ನಾನು ಕೇಳಿದ್ದೆ, ಉತ್ತರವನ್ನೂ ಕೇಳಿಸಿಕೊಂಡಿದ್ದೆ. ಬಂದವರ ಕೈಯಿಂದ ಅವರ ವ್ರತ ಕಿತ್ತುಕೊಂಡು ನಮ್ಮ ಆಧುನಿಕತೆ ತುರುಕಿ ಕಳಿಸುವುದು ಆಪ್ತಸಲಹೆ ಅಂತ ನನಗೆ ಅನ್ನಿಸುವುದಿಲ್ಲ. ಬೆನ್ ಬಿಡುತ್ತೇನೆ ಅಂದಿದ್ದರೆ ಬಿಡುವುದಕ್ಕೂ ಜೊತೆ ನಿಲ್ಲುತ್ತಿದ್ದೆ. ಇಲ್ಲಿ ಸ್ವಲ್ಪ ಬಿಸಿಯಾಗಿ ಬರೆಯುತ್ತಿದ್ದೇನೆ, ಗೊತ್ತು.

ಹಿರಿಯರ ಹತ್ತಿರ ಹೋದದ್ದು ನನ್ನೆಲ್ಲ ಮಾತಿಗಿಂತ ಹೆಚ್ಚು ಕೆಲಸ ಮಾಡಿತು. ಅವರು ಬೈಯಲಿಲ್ಲ. ಮೊದಲು ಬೆನ್‌ರ ಆರೋಗ್ಯ ವಿಚಾರಿಸಿದರು. ಯೋಮ್ ಕಿಪ್ಪೂರ್ ದಿನ ರೋಗಿ ನನಗೆ ಊಟ ಬೇಕು ಅಂದರೆ, ಬೇಡ ಅನ್ನುವ ವೈದ್ಯರ ಮಾತಿಗಿಂತ ರೋಗಿಯ ಮಾತೇ ಮೇಲು ಅಂತ ಅವರ ಧರ್ಮಶಾಸ್ತ್ರ ಗ್ರಂಥ ತಾಲ್ಮುದಿನಲ್ಲಿದೆಯಂತೆ. ಹೃದಯದ ಕಹಿ ಹೃದಯಕ್ಕೇ ಗೊತ್ತು ಅನ್ನುವ ವಾಕ್ಯ ಅದಕ್ಕೆ ಆಧಾರ. ಜೀವಕ್ಕೆ ಅಪಾಯ ಇದ್ದಾಗ ತಿನ್ನುವುದೇ ಧರ್ಮ. ಇದನ್ನು ಕೇಳಿ ನನಗೂ ಸಮಾಧಾನ ಆಯಿತು. ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ, ಮಾತು ತೊದಲಿದರೆ ನೀರು ಕುಡಿಯಬೇಕು, ಅದು ಸೋಲಲ್ಲ ಅಂತ ನಾನೂ ಹಾಳೆಯ ಕೊನೆಗೆ ಬರೆದಿದ್ದೆ. ನಾನು ಹೇಳಿದರೆ ಅದು ರಿಯಾಯಿತಿ. ಅವರು ಹೇಳಿದರೆ ಅಪ್ಪಣೆ.

ಆಮೇಲೆ ಹಿರಿಯರು ಒಂದು ಕೆಲಸ ಕೊಟ್ಟರು. ಸೆಪ್ಟೆಂಬರ್ 25ಕ್ಕೆ ಗೆದಲ್ಯಾನ ಉಪವಾಸ ಇತ್ತು. ಯೂದಾಯ ಅನ್ನುವ ಹಳೆಯ ಯೆಹೂದಿ ನಾಡಿನ ಅಧಿಕಾರಿ ಗೆದಲ್ಯಾನ ಕೊಲೆಯ ನೆನಪಿನ ಚಿಕ್ಕ ಉಪವಾಸ ಅದು. ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. (ಗಂಡಸರನ್ನಷ್ಟೇ ಎಣಿಸುವ ಬಗ್ಗೆ ನನ್ನದೇ ತಕರಾರಿದೆ, ಇಲ್ಲಿ ಬೇಡ.) ಅಷ್ಟೇ ಅಲ್ಲ, ಉಪವಾಸದ ದಿನ ಹಜಾನ್ (ಪ್ರಾರ್ಥನೆ ನಡೆಸುವವರು) ಎಲ್ಲರ ಪರವಾಗಿ ಹೇಳುವ 'ಅನೇನು' ಅಂತ ಒಂದು ಪ್ರಾರ್ಥನೆ ಇದೆ, 'ನಮಗೆ ಓಗೊಡು' ಅಂತ ಅರ್ಥ. ಅದನ್ನು ಹೇಳಲು ಹತ್ತು ಜನ ಬಂದರೆ ಸಾಲದು, ಹತ್ತೂ ಜನ ಉಪವಾಸ ಇರಬೇಕು ಅನ್ನುವ ಕ್ರಮ ಅವರದು. "ವಯಸ್ಸಾದವರು ಮಾತ್ರೆ ನುಂಗಬೇಕು, ಅವರು ಲೆಕ್ಕಕ್ಕೆ ಬರಲ್ಲ. ಎಂಟೋ ಒಂಬತ್ತೋ ಆಗ್ತೀವಿ. ನೀನು ಬರ್ತೀಯಾ?" ಅಂತ ಕೇಳಿದರಂತೆ.

ಸೆಪ್ಟೆಂಬರ್ 25ರ ರಾತ್ರಿ ಬೆನ್ ಕಳಿಸಿದ ಮೆಸೇಜಿನಲ್ಲಿ ಒಂದೇ ಅಂಕಿ ಇತ್ತು. 10.

ಅಕ್ಟೋಬರ್ 2 ಗಾಂಧಿ ಜಯಂತಿ, ಅವತ್ತೇ ದಸರಾ ಕೂಡ. ಠಾಣೆಯ ಬೀದಿ ಬೀದಿಯಲ್ಲಿ ಬೆಳಗ್ಗೆಯಿಂದಲೇ ಜಲೇಬಿ ಕರಿಯುವ ವಾಸನೆ. ಮನೆಯಲ್ಲಿ ಒಬ್ಬರೇ ಇದ್ದಿದ್ದರೆ ಕಿಟಕಿ ಮುಚ್ಚಿಕೊಂಡರೂ ಕಷ್ಟ ಆಗುತ್ತಿತ್ತು ಅಂದರು ಬೆನ್, ಮುಂದಿನ ವಾರ ಬಂದಾಗ. ಮಧ್ಯಾಹ್ನ ಎರಡರಿಂದ ನಾಲ್ಕು ಎಲ್ಲರಿಗೂ ಸುಸ್ತಿನ ಹೊತ್ತು. ಆಗ ಸಿನಗಾಗಿನ ಅಂಗಳದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವರಿಗೆ ಬಿತ್ತು. ಸಂಜೆ ಕೊನೆಯ ಪ್ರಾರ್ಥನೆ ಮುಗಿದು ಶೋಫರ್ ಕೊಂಬು ಊದಿದ ಮೇಲೆ ಒಂದು ಲೋಟ ಒಣದ್ರಾಕ್ಷಿ ಶರಬತ್ತು ಕುಡಿದರಂತೆ. ಚಹಾ ನೆನಪಾದದ್ದು ಮನೆ ಮುಟ್ಟಿದ ಮೇಲೆ.

ಅಳು ಬಂತಾ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಹೇಳಿದ್ದು ಬೇರೆ. ಮೂರೂವರೆ ಹೊತ್ತಿಗೆ ಎಂಟು ವರ್ಷದ ಒಬ್ಬ ಹುಡುಗ ಬಂದು, ಅಂಕಲ್, ನಾನೂ ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಂದನಂತೆ.

"ನಾಲಿಗೆ ತೋರಿಸು ಅಂದೆ ಮೇಡಂ. ಕೇಸರಿ ಬಣ್ಣ. ಜಲೇಬಿ ತಿಂದಿದ್ದ."