ಎರಡು ಹೆಡ್‌ಫೋನ್, ಒಂದೇ ಜೋಡಿ ಕಿವಿ

ಪ್ರಶ್ನೆ: ನನ್ನ ಬಳಿ ಸೆನ್‌ಹೈಸರ್ ಎಚ್‌ಡಿ 560ಎಸ್ ಇದೆ. ಗೆಳೆಯ ತನ್ನ ಎಚ್‌ಡಿ 650 ಅನ್ನು ಎರಡು ವಾರಕ್ಕೆ ಕೊಟ್ಟಿದ್ದಾನೆ. ಎರಡೂ ಓಪನ್-ಬ್ಯಾಕ್, ಅಂದರೆ ಹಿಂಬದಿ ತೆರೆದಿರುವವು. ಒಂದು ದಿನ ಇದೇ ಚೆನ್ನಾಗಿದೆ ಅನ್ನಿಸುತ್ತದೆ, ಮರುದಿನ ಅದು. ಅರ್ಧ ಸಮಯ ಹಾಡು ಕೇಳುತ್ತೇನೆ, ಇನ್ನರ್ಧ ಶೂಟಿಂಗ್ ಗೇಮ್ ಆಡುತ್ತೇನೆ. 650 ಕೊಳ್ಳಬೇಕಾ? ಅಥವಾ ನನ್ನ ಕಿವಿಯೇ ಸರಿಯಿಲ್ಲವಾ?

ಉತ್ತರ: ನಿಮ್ಮ ಕಿವಿ ಚೆನ್ನಾಗಿಯೇ ಇದೆ. ನಿಮ್ಮನ್ನು ದಾರಿ ತಪ್ಪಿಸುತ್ತಿರುವುದು ವಾಲ್ಯೂಮ್. 1 ವೋಲ್ಟ್ ಕೊಟ್ಟರೆ 560ಎಸ್ 110 ಡೆಸಿಬೆಲ್ ಸದ್ದು ಮಾಡುತ್ತದೆ, 650 ಮಾಡುವುದು 103. ಅಂದರೆ ವಾಲ್ಯೂಮ್ ಮುಟ್ಟದೆ ಒಂದನ್ನು ಕಿತ್ತು ಇನ್ನೊಂದನ್ನು ಚುಚ್ಚಿದರೆ 560ಎಸ್ ಸುಮಾರು 7 ಡೆಸಿಬೆಲ್ ಜಾಸ್ತಿ ಕೂಗುತ್ತದೆ. ನೀವು ಅಂದಾಜಿನಲ್ಲಿ ಸರಿಮಾಡಿಕೊಳ್ಳುತ್ತೀರಿ. ಆ ಅಂದಾಜು ಒಂದು ದಿನ ಈ ಕಡೆ, ಇನ್ನೊಂದು ದಿನ ಆ ಕಡೆ ತಪ್ಪುತ್ತದೆ. ಒಂದು ಡೆಸಿಬೆಲ್ ಜಾಸ್ತಿಯಾದರೆ ನಮಗೆ ‘ಸದ್ದು ದೊಡ್ಡದಾಯಿತು’ ಅಂತ ಅನ್ನಿಸುವುದಿಲ್ಲ. ‘ಇದು ಸ್ಪಷ್ಟವಾಗಿದೆ, ಇದರಲ್ಲಿ ಜೀವ ಇದೆ’ ಅನ್ನಿಸುತ್ತದೆ. ಜೊತೆಗೆ ಸದ್ದು ಇಳಿದಂತೆಲ್ಲ ಕಿವಿಗೆ ಬೇಸ್ ಮೊದಲು ಸೊರಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಯಾವುದು ಮೆಲ್ಲಗೆ ನುಡಿಯುತ್ತಿದೆಯೋ ಅದು ಪಾಪ, ತೆಳುವಾಗಿಯೂ ಕೇಳಿಸುತ್ತದೆ.

ಮೊದಲು ವಾಲ್ಯೂಮ್ ಸಮ ಮಾಡಿ. ನಾನು ಮಾಡುವುದು ಹೀಗೆ. ಒಂದು ರಟ್ಟಿನ ತುಂಡಿನ ನಡುವೆ ಫೋನಿನ ಮೈಕ್‌ನಷ್ಟೇ ಸಣ್ಣ ತೂತು ಮಾಡುತ್ತೇನೆ. ಹಿಂದುಗಡೆಯಿಂದ ಫೋನನ್ನು ಆ ತೂತಿಗೆ ಹೊಂದಿಸಿ ಟೇಪ್ ಹಾಕುತ್ತೇನೆ. ಮುಂದುಗಡೆ ಇಯರ್‌ಪ್ಯಾಡನ್ನು ಒತ್ತಿಟ್ಟು, ತೂತು ಪ್ಯಾಡಿನ ಸರಿಯಾಗಿ ನಡುವೆ ಬರುವಂತೆ ನೋಡಿಕೊಂಡು, ಪಿಂಕ್ ನಾಯ್ಸ್ (ಮಳೆಯಂತೆ ಒಂದೇ ಸಮನೆ ಸುರಿಯುವ ಪರೀಕ್ಷಾ ಸದ್ದು) ಹಾಕುತ್ತೇನೆ. ಡೆಸಿಬೆಲ್ ಅಳೆಯುವ ಯಾವ ಆ್ಯಪ್ ಆದರೂ ಸಾಕು, ಯಾಕೆಂದರೆ ನಮಗೆ ಬೇಕಿರುವುದು ನಿಖರವಾದ ಅಂಕಿ ಅಲ್ಲ, ಎರಡರ ನಡುವಿನ ವ್ಯತ್ಯಾಸ. ಎರಡೂ ಒಂದೇ ಅಂಕಿ ತೋರಿಸುವವರೆಗೆ ಕಂಪ್ಯೂಟರಿನ ವಾಲ್ಯೂಮ್ ಬದಲಿಸಿ, ಆ ಎರಡು ವಾಲ್ಯೂಮ್ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ನಾನು ತಿಂಗಳುಗಟ್ಟಲೆ ಬರೆದಿಟ್ಟಿದ್ದ ಟಿಪ್ಪಣಿಗಳನ್ನೆಲ್ಲ ಆಮೇಲೆ ಹರಿದು ಹಾಕಬೇಕಾಯಿತು.

ಎರಡನೆಯದು, ದಿನ ಬಿಟ್ಟು ದಿನ ಹೋಲಿಸಬೇಡಿ. ಸದ್ದಿನ ಸೂಕ್ಷ್ಮ ನೆನಪು ಕೆಲವೇ ಸೆಕೆಂಡುಗಳಲ್ಲಿ ಮಾಸಿಹೋಗುತ್ತದೆ. ನಿಮಗೆ ಬಾಯಿಪಾಠವಾಗಿರುವ ಹಾಡಿನ 20 ಸೆಕೆಂಡ್ ತೆಗೆದುಕೊಂಡು, ಇದರಲ್ಲಿ ಒಮ್ಮೆ, ತಕ್ಷಣ ಅದರಲ್ಲಿ ಒಮ್ಮೆ ಕೇಳಿ. ನನ್ನ 20 ಸೆಕೆಂಡಿನಲ್ಲಿ ಒಂದು ತಂಬೂರಿ, ಒಂದು ಹೆಣ್ಣುದನಿ, ಕೊನೆಗೆ ಮೃದಂಗದ ಎಡಗಡೆಯ ಒಂದು ಹೊಡೆತ ಇದೆ. ಅಷ್ಟರಲ್ಲೇ ಎಲ್ಲ ಸಿಗುತ್ತದೆ.

ತಂಬೂರಿಯಲ್ಲಿ ತಂತಿಯ ಕೆಳಗೆ ಸಿಕ್ಕಿಸುವ ನೂಲಿನಿಂದ ಒಂದು ಝೇಂಕಾರ ಏಳುತ್ತದಲ್ವಾ, 560ಎಸ್‌ನಲ್ಲಿ ಅದು ಎದ್ದು ಕಾಣುತ್ತದೆ. ಒಂದೊಂದು ತಂತಿಯ ಮೇಲೂ ಹೊಳಪು ಹತ್ತಿದ ಹಾಗೆ. 650ರಲ್ಲಿ ಅದೇ ಝೇಂಕಾರ ಒಂದು ಹೆಜ್ಜೆ ಹಿಂದೆ ಸರಿದು, ನಾಲ್ಕೂ ತಂತಿ ಒಂದರೊಳಗೊಂದು ಬೆರೆಯುತ್ತವೆ. ದನಿ ಬಂದಾಗ ಆಟ ಬದಲಾಗುತ್ತದೆ. 650ರಲ್ಲಿ ಹಾಡುವವರ ಎದೆಯ ಭಾಗ ಕೇಳಿಸುತ್ತದೆ, ದನಿಗೆ ಮೈ ಇರುತ್ತದೆ. 560ಎಸ್‌ನಲ್ಲಿ ಅದೇ ದನಿ ತುಸು ತೆಳು. ‘ಸ’, ‘ಶ’ ಬಂದಾಗ ತುದಿ ಚೂಪಾಗುತ್ತದೆ. ಚೂಪಾಗಿ ರೆಕಾರ್ಡ್ ಆದ ಹಾಡಾದರೆ ಚುಚ್ಚುತ್ತದೆ ಕೂಡ. ಇನ್ನು ಮೃದಂಗದ ಎಡಗಡೆ. 650 ಬೇಸ್‌ನ ಮೇಲುಭಾಗವನ್ನು, ಸುಮಾರು 100ರಿಂದ 200 ಹರ್ಟ್ಜ್‌ವರೆಗಿನದನ್ನು, ಸ್ವಲ್ಪ ತುಂಬಿಸಿ ಕೊಡುತ್ತದೆ. ಆದರೆ ತೀರ ಕೆಳಗೆ ಹೋದಂತೆ ಕೈಬಿಡುತ್ತದೆ. 560ಎಸ್ ಇನ್ನೂ ಆಳದವರೆಗೆ ಜೊತೆಗಿರುತ್ತದೆ. ಹಾಗಾಗಿ ಮೊದಲನೆಯದರಲ್ಲಿ ಹೊಡೆತ ದುಂಡಗೆ, ಎರಡನೆಯದರಲ್ಲಿ ಆಳವಾಗಿ ಕೇಳಿಸುತ್ತದೆ.

ವಾಲ್ಯೂಮ್ ಸಮ ಇದ್ದಾಗ ವ್ಯತ್ಯಾಸ ಇಷ್ಟೇ. ಇದು ಸಣ್ಣದಲ್ಲ, ಆದರೆ ಜನ ಹೇಳುವ ‘ಹಗಲು ರಾತ್ರಿಯಷ್ಟು’ ಅಂತೂ ಅಲ್ಲ.

ಈಗ ಗೇಮ್. ಎದುರಾಳಿ ಎಡಕ್ಕಿದ್ದಾನೋ ಬಲಕ್ಕಿದ್ದಾನೋ ಅಂತ ನಮಗೆ ತಿಳಿಯುವುದು ಎರಡು ಕಿವಿಗಳ ನಡುವಿನ ವ್ಯತ್ಯಾಸದಿಂದ. ಸದ್ದು ಒಂದು ಕಿವಿಗೆ ಸ್ವಲ್ಪ ಮೊದಲು, ಸ್ವಲ್ಪ ಜೋರಾಗಿ ತಲುಪುತ್ತದೆ. ಪೂರ್ತಿ ಪಕ್ಕದಿಂದ ಬಂದರೂ ಆ ಸಮಯದ ಅಂತರ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಈ ವ್ಯತ್ಯಾಸವನ್ನು ಗೇಮೇ ಲೆಕ್ಕ ಹಾಕಿ ಕೊಡುತ್ತದೆ, ಎರಡು ಕಡೆಯೂ ಸಮವಾಗಿ ನುಡಿಯುವ ಯಾವ ಹೆಡ್‌ಫೋನ್ ಆದರೂ ಅದನ್ನು ದಾಟಿಸುತ್ತದೆ. ಕಷ್ಟ ಇರುವುದು ಹಿಂದೆ-ಮುಂದೆಯಲ್ಲಿ. ಅದನ್ನು ಕಿವಿಯ ಹಾಲೆ ಮತ್ತು ಅದರ ಮಡಿಕೆಗಳು ನಿರ್ಧರಿಸುತ್ತವೆ. ಮುಂದಿನಿಂದ ಬಂದ ಸದ್ದಿನ ಮೇಲುತುದಿಯನ್ನು ಒಂದು ಥರ ತಿದ್ದಿದರೆ, ಹಿಂದಿನಿಂದ ಬಂದದ್ದನ್ನು ಇನ್ನೊಂದು ಥರ. ಗೇಮ್‌ಗಳಲ್ಲಿ ಎಚ್‌ಆರ್‌ಟಿಎಫ್ ಅಂತ ಒಂದು ಸೆಟ್ಟಿಂಗ್ ಇರುತ್ತದಲ್ಲ, ಅದು ಈ ತಿದ್ದುಪಡಿಯನ್ನೇ ಅನುಕರಿಸುವುದು. ಈ ಸುಳಿವೆಲ್ಲ ಟ್ರೆಬಲ್‌ನಲ್ಲೇ, ಅಂದರೆ ಸದ್ದಿನ ಆ ಮೇಲುತುದಿಯಲ್ಲೇ, ಇರುವುದರಿಂದ, ಟ್ರೆಬಲ್ ಮುಂದಿರುವ 560ಎಸ್‌ಗೆ ಇಲ್ಲಿ ಸ್ವಲ್ಪ ಅನುಕೂಲ. ಅದರ ಡ್ರೈವರ್‌ಗಳನ್ನು, ಅಂದರೆ ಒಳಗಿನ ಪುಟ್ಟ ಸ್ಪೀಕರ್‌ಗಳನ್ನು, ಕಿವಿಗೆ ತುಸು ಓರೆಯಾಗಿ ಕೂರಿಸಿದ್ದಾರೆ, ಅದರಿಂದಲೂ ಸದ್ದು ಮುಂದಿನಿಂದ ಬಂದಂತೆ ಅನ್ನಿಸುವುದು ಜಾಸ್ತಿ. 650ರ ತುಂಬಿದ ಬೇಸ್ ಸ್ಫೋಟಗಳಿಗೆ ಚೆನ್ನ. ಆದರೆ ಅದೇ ಬೇಸ್ ದೂರದ ಹೆಜ್ಜೆ ಸದ್ದಿನ ಮೇಲೆ ಕಂಬಳಿ ಹೊದಿಸಿದ ಹಾಗೂ ಮಾಡುತ್ತದೆ.

ನಾನು ಇದನ್ನು ಹೀಗೆ ಪರೀಕ್ಷಿಸಿದೆ. ಅಭ್ಯಾಸದ ಮೈದಾನದಲ್ಲಿ ನನ್ನ ಪಾತ್ರವನ್ನು ಒಂದೇ ಕಡೆ ನಿಲ್ಲಿಸಿ, ಸುತ್ತ ನಡೆಯಲು ಗೆಳೆಯನಿಗೆ ಹೇಳಿದೆ. ನಾನು ಕಣ್ಣು ಮುಚ್ಚಿಕೊಂಡು ಗಡಿಯಾರದ ಲೆಕ್ಕದಲ್ಲಿ ಹೇಳಬೇಕು: ಮೂರು ಗಂಟೆ, ಏಳು ಗಂಟೆ, ಹನ್ನೆರಡು. ಎಡ-ಬಲ ಎರಡು ಹೆಡ್‌ಫೋನ್‌ನಲ್ಲೂ ಒಮ್ಮೆಯೂ ತಪ್ಪಲಿಲ್ಲ. ಹನ್ನೆರಡು ಮತ್ತು ಆರು ಮಾತ್ರ ಎರಡರಲ್ಲೂ ತಪ್ಪಿತು, 650ರಲ್ಲಿ ಇನ್ನಷ್ಟು. ಆಮೇಲೆ ಗೇಮಿನ ಎಚ್‌ಆರ್‌ಟಿಎಫ್ ಜೊತೆಗೆ ಅದೇ ಥರದ ಕೆಲಸ ಮಾಡುವ ಕಂಪ್ಯೂಟರಿನ ವರ್ಚುವಲ್ ಸರೌಂಡ್ ಕೂಡ ಆನ್ ಮಾಡಿದೆ. ಸದ್ದೆಲ್ಲ ತಲೆಯ ಸುತ್ತ ಹೊಗೆಯಂತೆ ಹರಡಿ, ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸ ಉಳಿಯಲಿಲ್ಲ. ದಯವಿಟ್ಟು ಈ ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಹೆಡ್‌ಫೋನ್ ಬದಲಿಸುವುದಕ್ಕಿಂತ ಇದರಿಂದ ಸಿಗುವ ಲಾಭ ದೊಡ್ಡದು.

ಹಾಗಾಗಿ ನನ್ನ ಉತ್ತರ: ಅರ್ಧ ಹಾಡು, ಅರ್ಧ ಗೇಮ್ ಅನ್ನುವವರು 560ಎಸ್ ಬಿಡಬೇಕಿಲ್ಲ. 650ರ ದನಿ ತುಂಬ ನೆನಪಾದರೆ, ಈಕ್ವಲೈಸರ್ ಎಪಿಒ ಅನ್ನುವ ಉಚಿತ ತಂತ್ರಾಂಶ ವಿಂಡೋಸ್‌ನಲ್ಲಿ ಹಾಕಿಕೊಳ್ಳಿ. 150 ಹರ್ಟ್ಜ್ ಸುತ್ತ 2 ಡೆಸಿಬೆಲ್ ಏರಿಸಿ, 5000 ಹರ್ಟ್ಜ್‌ನಿಂದ ಮೇಲೆ 2 ಡೆಸಿಬೆಲ್ ಇಳಿಸಿ. ಸದ್ದು ಒಡೆಯದಂತೆ ಒಟ್ಟು ಮಟ್ಟವನ್ನೂ 2 ಡೆಸಿಬೆಲ್ ಇಳಿಸಿ. ಗೇಮ್‌ಗೆ ಕೂತಾಗ ಅದನ್ನು ಆಫ್ ಮಾಡಿ. ಪೂರ್ತಿ 650 ಆಗುವುದಿಲ್ಲ, ಆದರೆ ಅದರ ಮನೆಯ ಬಾಗಿಲವರೆಗೆ ಹೋಗಿ ನಿಲ್ಲುತ್ತದೆ. ಇನ್ನು ನಿಮಗೆ ಹಾಡು ಅಂದರೆ ದನಿಯೇ, ಗೇಮ್ ಸುಮ್ನೆ ಕಾಲ ಕಳೆಯಲು ಅಂತಾದರೆ ಗೆಳೆಯನದನ್ನು ವಾಪಸ್ ಕೊಟ್ಟು ನಿಮ್ಮದೇ ಒಂದು 650 ತೆಗೆದುಕೊಳ್ಳಿ. ನನ್ನ ರಾತ್ರಿಗಳು ಅದರ ಜೊತೆಗೇ ಕಳೆಯುತ್ತವೆ.

ಪ್ರಶ್ನೆ: 650ರ ವಿದ್ಯುತ್ ಅಡೆತಡೆ 300 ಓಮ್. ಆಂಪ್ಲಿಫೈಯರ್ ಇಲ್ಲದೆ ಅದನ್ನು ಕೇಳಲೇಬಾರದು ಅನ್ನುತ್ತಾರೆ. ನಿಜವಾ?

ಉತ್ತರ: ಪೂರ್ತಿ ನಿಜ ಅಲ್ಲ. ಮೇಲೆ ಹೇಳಿದ ಲೆಕ್ಕವನ್ನೇ ನೋಡಿ. 1 ವೋಲ್ಟ್ ಕೊಡುವ ಜಾಕ್ ಇದ್ದರೆ 103 ಡೆಸಿಬೆಲ್ ಸಿಗುತ್ತದೆ, ಅದು ತುಂಬಾ ಜೋರು. ಮೆಲ್ಲಗೆ ರೆಕಾರ್ಡ್ ಆದ ಹಾಡುಗಳಿಗೆ ಮತ್ತು ಈಕ್ವಲೈಸರ್‌ನಲ್ಲಿ ಇಳಿಸಿದ ಮಟ್ಟ ತುಂಬಿಕೊಳ್ಳಲು ಆಂಪ್ ಬೇಕಾಗಬಹುದು. ನಿಮ್ಮ ಕಂಪ್ಯೂಟರಿನಲ್ಲಿ ವಾಲ್ಯೂಮ್ ಮುಕ್ಕಾಲಿಗೆ ಬರುವಷ್ಟರಲ್ಲಿ ಸಾಕು ಅನ್ನಿಸಿದರೆ ಆಂಪ್ ಬೇಡ. ಒಂದು ವಿಷಯ ಮಾತ್ರ ಗಮನಿಸಿ. 650ರ ಅಡೆತಡೆ ಎಲ್ಲ ಕಡೆ 300 ಓಮ್ ಇರುವುದಿಲ್ಲ, ಬೇಸ್‌ನ ಒಂದು ಜಾಗದಲ್ಲಿ ಅದು ಗುಡ್ಡದಂತೆ ಏರುತ್ತದೆ. ಜಾಕ್‌ನ ಒಳಗಿನ ಅಡೆತಡೆಯೂ ಜಾಸ್ತಿ ಇದ್ದರೆ ಅಲ್ಲಿ ಬೇಸ್ ಉಬ್ಬುತ್ತದೆ. ‘ಈ ಆಂಪ್‌ನಲ್ಲಿ ಬೆಚ್ಚಗಿದೆ, ಆ ಆಂಪ್‌ನಲ್ಲಿ ಒಣಗಿದೆ’ ಅಂತ ಜನ ಹೇಳುವುದಕ್ಕೆ ಎಷ್ಟೋ ಸಲ ಕಾರಣ ಇದೇ.

ಪ್ರಶ್ನೆ: ಸೌಂಡ್‌ಸ್ಟೇಜ್ (ಸದ್ದು ಸುತ್ತ ಹರಡಿದಂತೆ ಅನ್ನಿಸುವ ಜಾಗ) ದೊಡ್ಡದಿದ್ದರೆ ಗೇಮ್‌ಗೆ ಒಳ್ಳೆಯದು ಅಂತ ಎಕೆಜಿ ಕೆ702 ನೋಡುತ್ತಿದ್ದೇನೆ. ಬೇಯರ್‌ಡೈನಮಿಕ್ ಡಿಟಿ 990 ಪ್ರೊ ಕೂಡ ಮನಸ್ಸಿನಲ್ಲಿದೆ.

ಉತ್ತರ: ಕೆ702 ನಿಜಕ್ಕೂ ಹರವಾಗಿ ಕೇಳಿಸುತ್ತದೆ. ಆದರೆ ಹರವು ಬೇರೆ, ಗುರಿ ಬೇರೆ. ಸದ್ದು ದೂರದಲ್ಲಿ ಅನ್ನಿಸುವುದು ಸುಖ, ಅದು ಯಾವ ಕಿಟಕಿಯಿಂದ ಬಂತು ಅನ್ನುವುದು ಗೆಲುವು. ಕೆ702ರಲ್ಲಿ ಎರಡೂ ಇವೆ, ಬೇಸ್ ಮಾತ್ರ ಹಗುರ, ಸಂಗೀತಕ್ಕೆ ಕೆಲವರಿಗೆ ಸಾಲದು. ಡಿಟಿ 990ರಲ್ಲಿ ಬೇಸ್ ಮತ್ತು ಟ್ರೆಬಲ್ ಎರಡೂ ಎತ್ತರ, ನಡುವೆ ದನಿ ತಗ್ಗು. ಹೆಜ್ಜೆ ಸದ್ದು, ಗುಂಡು ಬದಲಿಸುವ ಕಟಕ್ ಸದ್ದು ಎದ್ದು ಬರುತ್ತವೆ. ಆದರೆ ಎರಡು ಗಂಟೆಯ ಮೇಲೆ ಆ ಟ್ರೆಬಲ್ ನನ್ನ ಕಿವಿಗೆ ಆಯಾಸ ತರುತ್ತದೆ. ನಿಮಗೆ ಹಾಗಾಗದೆ ಇರಬಹುದು, ಹಾಕಿಕೊಂಡು ನೋಡದೆ ಕೊಳ್ಳಬೇಡಿ.

ಅಂದಹಾಗೆ, ಹೆಡ್‌ಫೋನಿನ ಹಿಂಬದಿ ತೆರೆದಿರುವುದು ಗೇಮ್‌ಗಾಗಿ ಹುಟ್ಟಿದ್ದಲ್ಲ. ಸೆನ್‌ಹೈಸರ್ 1968ರಲ್ಲಿ ಎಚ್‌ಡಿ 414 ತಂದಾಗಲೇ ಈ ದಾರಿ ತೆರೆಯಿತು. ಹಳದಿ ಸ್ಪಂಜಿನ ಪ್ಯಾಡ್, ಹೂವಿನಂಥ ಹಗುರ. ಕಿವಿಯನ್ನು ಡಬ್ಬಿಯಲ್ಲಿ ಮುಚ್ಚಬೇಕಿಲ್ಲ ಅಂತ ಅದು ಜನಕ್ಕೆ ತೋರಿಸಿಕೊಟ್ಟಿತು.

ಪ್ರಶ್ನೆ: ಓಪನ್-ಬ್ಯಾಕ್ ಹಾಕಿಕೊಂಡರೆ ನನ್ನ ಗೇಮಿನ ಸದ್ದು ಮೈಕ್‌ಗೆ ಹೋಗುತ್ತದೆ, ತಂಡದವರು ಬೈಯುತ್ತಾರೆ. ಫ್ಯಾನಿನ ಸದ್ದೂ ನನಗೆ ಕೇಳಿಸುತ್ತದೆ.

ಉತ್ತರ: ಮೈಕ್‌ಗೆ ಪುಶ್-ಟು-ಟಾಕ್ (ಗುಂಡಿ ಒತ್ತಿದಾಗ ಮಾತ್ರ ಮೈಕ್ ಆನ್ ಆಗುವ ಸೆಟ್ಟಿಂಗ್) ಇಟ್ಟುಕೊಳ್ಳಿ, ಮೈಕನ್ನು ಬಾಯಿಯ ಹತ್ತಿರ ತನ್ನಿ. ಅಷ್ಟಕ್ಕೇ ತಂಡದವರ ದೂರು ನಿಲ್ಲುತ್ತದೆ. ನನಗೆ ನಿಮ್ಮ ಎರಡನೆಯ ಮಾತಿನ ಬಗ್ಗೆಯೇ ಚಿಂತೆ. ಓಪನ್-ಬ್ಯಾಕ್ ಹೊರಗಿನ ಸದ್ದನ್ನು ತಡೆಯುವುದಿಲ್ಲ. ಆಗ ನಾವು ಫ್ಯಾನಿನ ಮೇಲೆ ಕೇಳಿಸಬೇಕು ಅಂತ ಗೊತ್ತಾಗದೆಯೇ ವಾಲ್ಯೂಮ್ ಏರಿಸುತ್ತಾ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ, ಅಷ್ಟೇ. ಒಂದೇ ಸಂಜೆಯ ಗೇಮ್ ಅದನ್ನು ಮುಗಿಸಿಬಿಡುತ್ತದೆ. ಫ್ಯಾನ್ ತಗ್ಗಿಸಲು ಆಗದಿದ್ದರೆ, ಆ ಕೋಣೆಗೆ ಕ್ಲೋಸ್ಡ್-ಬ್ಯಾಕ್ ತೆಗೆದುಕೊಳ್ಳಿ. ಓಪನ್-ಬ್ಯಾಕ್ ಅಂದರೆ ನನಗೆ ಇಷ್ಟು ಪ್ರೀತಿ ಇದ್ದರೂ ಇದನ್ನು ಹೇಳಲೇಬೇಕು. ಕಳೆದುಹೋದ ಶ್ರವಣ ವಾಪಸ್ ಬರುವುದಿಲ್ಲ.

ಪ್ರಶ್ನೆ: ಹಳೆಯ ಎಚ್‌ಡಿ 600 ಒಂದು ಸಿಕ್ಕಿದೆ. ನನ್ನ ಹೊಸ 650ಕ್ಕಿಂತ ಹತ್ತಿರವಾಗಿ, ಗಡುಸಾಗಿ ಕೇಳಿಸುತ್ತದೆ. ಎರಡೂ ಇಷ್ಟು ಬೇರೆಯಾ?

ಉತ್ತರ: 600 ಬಂದದ್ದು 1997ರಲ್ಲಿ, 650 ಬಂದದ್ದು 2003ರಲ್ಲಿ. 600 ಸ್ವಲ್ಪ ತಿಳಿ, 650 ಸ್ವಲ್ಪ ಗಾಢ. ಆದರೆ ನೀವು ಹೇಳುವಷ್ಟು ದೂರ ಅವು ಇಲ್ಲ. ನನಗೆ ಅನುಮಾನ ಇರುವುದು ಪ್ಯಾಡ್‌ಗಳ ಮೇಲೆ. ಸ್ಪಂಜು ಚಪ್ಪಟೆಯಾದಂತೆ ಡ್ರೈವರ್ ಕಿವಿಯ ಹತ್ತಿರ ಬರುತ್ತದೆ, ಸದ್ದಿನ ಬಣ್ಣವೇ ಬದಲಾಗುತ್ತದೆ. ನನ್ನ ಹಳೆಯ ಹೆಡ್‌ಫೋನ್ ಒಂದಕ್ಕೆ ಒಂದು ಮಧ್ಯಾಹ್ನ ಎಡಕ್ಕೆ ಹೊಸ ಪ್ಯಾಡ್ ಹಾಕಿ, ಬಲಕ್ಕೆ ಹಳೆಯದನ್ನೇ ಬಿಟ್ಟು, ಎರಡು ಕಿವಿಗೂ ಒಂದೇ ಸದ್ದು ಕೊಡುವ ಮೋನೊ ರೆಕಾರ್ಡಿಂಗ್ ಒಂದನ್ನು ಕೇಳಿದೆ. ತಲೆಯ ನಡುವೆ ನಿಲ್ಲಬೇಕಾದ ದನಿ ಬಲಕ್ಕೆ ವಾಲಿ ನಿಂತಿತು. ಹಳೆಯ ಪ್ಯಾಡನ್ನು ಬೆರಳಲ್ಲಿ ಒತ್ತಿದರೆ ಒಳಗಿನ ಗಟ್ಟಿ ತಳವೇ ಸಿಗುತ್ತಿತ್ತು, ಹೊಸದು ಅದರ ಎರಡರಷ್ಟು ದಪ್ಪ ಇತ್ತು.

600ಕ್ಕೂ 650ಕ್ಕೂ ಒಂದೇ ಪ್ಯಾಡ್ ಹಿಡಿಸುತ್ತದೆ. ನಿಮ್ಮ 650ರ ಹೊಸ ಪ್ಯಾಡ್‌ಗಳನ್ನು ಮೆಲ್ಲಗೆ ಕಿತ್ತು 600ಕ್ಕೆ ಕೂರಿಸಿ. ಅಂಚಿನ ಸುತ್ತ ಕಟಕ್ ಕಟಕ್ ಅಂತ ಎಲ್ಲ ಕಡೆ ಕೂತಿದೆಯಾ ನೋಡಿ. ಕನ್ನಡಕ ಇದ್ದರೆ ಎರಡು ಸಲವೂ ಹಾಕಿಕೊಂಡೇ ಕೇಳಿ, ಇಲ್ಲವೇ ಎರಡು ಸಲವೂ ತೆಗೆದಿಟ್ಟೇ ಕೇಳಿ. ಹೊಸ ಪ್ಯಾಡಿನಲ್ಲಿ ಆ 600 ಹೇಗೆ ಕೇಳಿಸಿತು ಅಂತ ನನಗೆ ಬರೆಯಿರಿ.